ಸೊಂಡಿಲ ಹಿಡಿಯ ಕಪ್: ಕೆಂಪು ಮಣ್ಣೋ, ಸ್ಟೋನ್‌ವೇರೋ?

ದಸರಾ ಊರಿನಲ್ಲಿ ಕಪ್ಪಿಗೆ ಆನೆಯ ಸೊಂಡಿಲನ್ನೇ ಹಿಡಿ ಮಾಡುವ, ತಳಕ್ಕೆ ನಾಲ್ಕು ಕಾಲು ಕೂರಿಸುವ ಆಸೆ ಸಹಜ. ದಿನವೂ ಕಾಫಿ ಕುಡಿಯುವುದಾದರೆ ಮಣ್ಣು ನೋಡಿ ಆರಿಸಿ.

ಕೆಂಪು ಮಣ್ಣು ಅಗ್ಗ. ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಸಾಕು, ಸಣ್ಣ ಕಾಲುಗಳೂ ಬಾಗದೆ ನಿಲ್ಲುತ್ತವೆ. ಆದರೆ ಕಾಫಿ ಹೀರುತ್ತದೆ, ಅಂಚು ಬೇಗ ಚಕ್ಕೆ ಏಳುತ್ತದೆ. ಮೊಸರಿನ ಕುಡಿಕೆಗೆ ಇದೇ ಚೆಂದ.

ಸ್ಟೋನ್‌ವೇರ್ ಎಂದರೆ ಹೆಚ್ಚು ಕಾವಿಗೆ ಕಲ್ಲಿನಂತೆ ಗಟ್ಟಿಯಾಗುವ, ಕಾಫಿಯನ್ನು ಅಷ್ಟಾಗಿ ಹೀರದ ಮಣ್ಣು. ಅದಕ್ಕೆ 1200–1280 ಡಿಗ್ರಿ ಬೇಕು. ಆ ಕಾವಿನಲ್ಲಿ ಮಣ್ಣು ಮೆತ್ತಗಾಗುವುದರಿಂದ ಕಾಲು ಗಿಡ್ಡ, ದಪ್ಪ ಇರಲಿ. ಶೇ. 12ರಷ್ಟು ಕುಗ್ಗುವ ಮಣ್ಣಾದರೆ, 10 ಸೆಂ.ಮೀ. ಕಪ್ಪಿಗೆ ಹಸಿಯಲ್ಲಿ 11.4 ಸೆಂ.ಮೀ. ಎತ್ತರ ಇಡಿ.

ಸೊಂಡಿಲು ಕಳಚುವುದು ಎರಡರಲ್ಲೂ ಒಂದೇ ಕಾರಣಕ್ಕೆ: ಕಪ್ ಒಣಗಿರುತ್ತದೆ, ಸೊಂಡಿಲು ಹಸಿಯಿರುತ್ತದೆ. ಎರಡೂ ಉಗುರಿನ ಗುರುತು ಬೀಳುವಷ್ಟು ಗಟ್ಟಿಯಾದಾಗ ಸೇರುವ ಕಡೆ ಗೀರಿ, ಅದೇ ಮಣ್ಣಿನ ಗಂಜಿ ಹಚ್ಚಿ ಒತ್ತಿ. ಮೈಸೂರಿನ ಮಾರ್ಚ್ ಗಾಳಿಗೆ ತೆಳು ಸೊಂಡಿಲು ಮೊದಲು ಒಣಗಿ ಬುಡದಲ್ಲಿ ಬಿರಿಯುತ್ತದೆ. ಮೂರ್ನಾಲ್ಕು ದಿನ ಪ್ಲಾಸ್ಟಿಕ್ ಹೊದಿಸಿ. ಟೊಳ್ಳು ಕಾಲಿಗೆ ಸೂಜಿತೂತು ಬೇಕೇ ಬೇಕು, ಪೂರ್ತಿ ಒಣಗಿಸಿಯೇ ಸುಡಿ. ಉಳಿದ ತೇವ ಆವಿಯಾದರೆ ಗೂಡಿನಲ್ಲೇ ಸಿಡಿಯುತ್ತದೆ, ಪಕ್ಕದ ಕಪ್ಪುಗಳನ್ನೂ ಒಡೆಯುತ್ತದೆ.

ಕಾಫಿಗೆ ಸ್ಟೋನ್‌ವೇರೇ ಸರಿ. ಅಷ್ಟು ಕಾವಿನ ಗೂಡು ಸಿಗದಿದ್ದರೆ ಕೆಂಪು ಮಣ್ಣಿಗೆ ಒಳಗೆ ಸೀಸವಿಲ್ಲದ, ಆಹಾರಕ್ಕೆ ಒಗ್ಗುವ ಗ್ಲೇಜ್ (ಗಾಜಿನಂಥ ಲೇಪ) ಹಾಕಿಸಿ.