ಒಳಗೊಂದು ಹಾಡು, ಹೊರಗೊಂದು ಹಾಡು: ಒಂದು ಸ್ಟೀರಿಯೋ ರಿಸೀವರ್ ಜೊತೆ 4 ವರ್ಷ

ಈ ರಿಸೀವರ್, ಅಂದರೆ ರೇಡಿಯೋ ಮತ್ತು ಸ್ಪೀಕರ್ ನಡೆಸುವ ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇರುವ ಪೆಟ್ಟಿಗೆ, ಮನೆಗೆ ಬಂದು 4 ವರ್ಷ ಆಯಿತು. ಹಾಲ್‌ನಲ್ಲಿ ಒಂದು ಜೊತೆ ಸ್ಪೀಕರ್, ಹಿತ್ತಲ ಕಡೆ ಸೂರಿನ ಕೆಳಗೆ ಇನ್ನೊಂದು ಜೊತೆ. ಎರಡಕ್ಕೂ ಹಾಡು ಹೋಗುವುದು ಇದೇ ಪೆಟ್ಟಿಗೆಯಿಂದ. ಆದರೆ ಇದು ನನ್ನ ಎರಡನೆಯ ರಿಸೀವರ್. ಮೊದಲನೆಯದನ್ನು ಯಾಕೆ ಬಿಟ್ಟೆ ಅಂತ ಮೊದಲು ಹೇಳಿಬಿಡುತ್ತೇನೆ.

ಅದನ್ನು ವಾಟ್ಸ್ ನೋಡಿ ತಂದಿದ್ದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 100 ವಾಟ್ಸ್ ಅಂತಿತ್ತು. ಹಿಂದೆ ಎ, ಬಿ ಅಂತ ಎರಡು ಸೆಟ್ ಸ್ಪೀಕರ್ ಟರ್ಮಿನಲ್, ಮುಂದೆ ಎರಡು ಬಟನ್. ಒಳಗೊಂದು, ಹೊರಗೊಂದು, ಇನ್ನೇನು ಬೇಕು ಅಂದುಕೊಂಡೆ. ಮನೆ ತುಂಬ ಜನ ಸೇರಿದ ಒಂದು ಸಂಜೆ ಎರಡೂ ಬಟನ್ ಒತ್ತಿ ವಾಲ್ಯೂಮ್ ಏರಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ. ಟಕ್ ಅಂತ ಒಂದು ಶಬ್ದ, ಡಿಸ್‌ಪ್ಲೇಯಲ್ಲಿ ‘ಪ್ರೊಟೆಕ್ಟ್’ ಅನ್ನೋ ಪದ, ಹಾಡು ಬಂದ್.

ತಪ್ಪು ಪೆಟ್ಟಿಗೆಯದ್ದಲ್ಲ, ನನ್ನದೇ. ಟರ್ಮಿನಲ್ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬರೆದಿತ್ತು: ಎ ಅಥವಾ ಬಿ ಒಂದೇ ಆದರೆ 4ರಿಂದ 16 ಓಮ್, ಎರಡೂ ಒಟ್ಟಿಗೆ ಆದರೆ 8ರಿಂದ 16 ಓಮ್. ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ. ನನ್ನ ಹಾಲ್ ಸ್ಪೀಕರ್ 6 ಓಮ್, ಹೊರಗಿನದು 8. ಎರಡೂ ಪ್ಯಾರಲಲ್ ಆಗಿ, ಅಂದರೆ ಕರೆಂಟ್‌ಗೆ ಅಕ್ಕಪಕ್ಕ ಎರಡು ದಾರಿಯಾಗಿ, ಸೇರಿದರೆ ಆಂಪ್ಲಿಫೈಯರ್ ಪಾಲಿಗೆ ಅದು ಸುಮಾರು 3.4 ಓಮ್. ಓಮ್ ಇಳಿದಷ್ಟೂ ಕರೆಂಟ್ ಜಾಸ್ತಿ ಹರಿಯುತ್ತದೆ, ಕಾವು ಏರುತ್ತದೆ. ಸುಟ್ಟುಹೋಗುವ ಬದಲು ಅದು ತಾನಾಗಿ ಆಫ್ ಆಗಿತ್ತು, ಪುಣ್ಯ.

ಆಮೇಲೆ ಒಂದು ಸಲಕ್ಕೆ ಒಂದೇ ಜೊತೆ ಹಾಕಿಕೊಂಡು 2 ವರ್ಷ ತಳ್ಳಿದೆ. ಅಷ್ಟರಲ್ಲಿ ಇನ್ನೊಂದು ವಿಷಯವೂ ಅರ್ಥವಾಗಿತ್ತು. ಓಮ್ ಸರಿಹೊಂದಿದ್ದರೂ ಎ, ಬಿ ಎರಡಕ್ಕೂ ಇರುವುದು ಒಂದೇ ವಾಲ್ಯೂಮ್, ಒಂದೇ ಹಾಡು. ಹೊರಗೆ ನೆಟ್ಟಗೆ ಕೇಳಿಸಬೇಕಾದರೆ ಒಳಗೆ ಕೂತವರು ಕಿವಿ ಮುಚ್ಚಿಕೊಳ್ಳಬೇಕು. ನನಗೆ ಬೇಕಾಗಿದ್ದದ್ದು ಜಾಸ್ತಿ ವಾಟ್ಸ್ ಅಲ್ಲ, ಇನ್ನೊಂದು ವಾಲ್ಯೂಮ್.

ಹಾಗಾಗಿ ಎರಡನೆಯದನ್ನು ಆರಿಸುವಾಗ ಮುಂಭಾಗ ನೋಡಲೇ ಇಲ್ಲ. ಒಂದೊಂದು ಮಾದರಿಯದ್ದೂ ಹಿಂಬದಿಯ ಫೋಟೋ ಹುಡುಕಿ ನೋಡಿದೆ. ಹುಡುಕಿದ್ದು ‘ಝೋನ್ 2’ ಅನ್ನುವ ಔಟ್, ಅಂದರೆ ಎರಡನೆಯ ಜಾಗಕ್ಕೆ ಬೇರೆ ಹಾಡು, ಬೇರೆ ವಾಲ್ಯೂಮ್ ಕೊಡುವ ಸಂಪರ್ಕ. ಎರಡು ಚಾನಲ್‌ನ ರಿಸೀವರ್‌ಗಳಲ್ಲಿ ಇದು ಎಲ್ಲದರಲ್ಲೂ ಇರುವುದಿಲ್ಲ. ಇದ್ದರೂ ಸಾಮಾನ್ಯವಾಗಿ ಲೈನ್ ಔಟ್ ಅಷ್ಟೇ, ಅದರಲ್ಲಿ ಬರುವುದು ಸಣ್ಣ ಸಿಗ್ನಲ್, ಸ್ಪೀಕರ್ ನೇರವಾಗಿ ಸಿಕ್ಕಿಸಲು ಆಗುವುದಿಲ್ಲ. ಮಧ್ಯೆ ಇನ್ನೊಂದು ಆಂಪ್ಲಿಫೈಯರ್ ಬೇಕು. ನನ್ನ ಹತ್ತಿರ 50 ವಾಟ್ಸ್‌ನ ಹಳೆಯದೊಂದು ಸುಮ್ನೆ ಬಿದ್ದಿತ್ತು. ಅದನ್ನೇ ಸೇರಿಸಿದೆ. ಈಗ ಒಳಗೆ ಒಂದು ಹಾಡು, ಹೊರಗೆ ಇನ್ನೊಂದು. ಹೊರಗಿನ ವಾಲ್ಯೂಮ್ ಮೊಬೈಲ್ ಆ್ಯಪ್‌ನಿಂದ. ರಿಮೋಟ್ ಇನ್‌ಫ್ರಾರೆಡ್ ಆದ್ದರಿಂದ ಗೋಡೆ ದಾಟುವುದಿಲ್ಲ, ಆ್ಯಪ್ ವೈಫೈ ಮೇಲೆ ನಡೆಯುತ್ತದೆ.

ಹೊರಗೆ 50 ವಾಟ್ಸ್ ಸಾಲುತ್ತಾ ಅಂತ ತುಂಬಾ ಜನ ಕೇಳಿದ್ದಾರೆ. ಸಾಲುತ್ತದೆ, ಮಿಗುತ್ತದೆ ಕೂಡ. ನನ್ನ ಹೊರಗಿನ ಸ್ಪೀಕರ್ 1 ವಾಟ್‌ಗೆ 1 ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಕಡಿಮೆಯಾಗುತ್ತದೆ. 8 ಮೀಟರ್ ಆಚೆ ಕೂತರೆ 70 ಡೆಸಿಬಲ್ ಉಳಿಯಿತು. ನಾವು ಎದುರುಬದುರು ಕೂತು ಮಾತಾಡುವುದು 60ರ ಆಸುಪಾಸು. ಅಂದರೆ ಒಂದೇ ಒಂದು ವಾಟ್‌ನಲ್ಲೇ ಹಾಡು ಮಾತಿಗಿಂತ ಜೋರು! 50ರ ಬದಲು 100 ವಾಟ್ಸ್ ಹಾಕಿದರೆ ಸಿಗುವುದು ಇನ್ನು 3 ಡೆಸಿಬಲ್. ಅಷ್ಟಕ್ಕೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರೆ ಸಾಕು, ಅಲ್ವಾ?

ಹೊರಗೆ ನಿಜವಾಗಿ ಕೊರತೆಯಾಗುವುದು ಬಾಸ್, ಅಂದರೆ ಹಾಡಿನ ದಪ್ಪ, ತಗ್ಗು ಸ್ವರ. ಒಳಗೆ ಗೋಡೆ, ಮೂಲೆ ಎಲ್ಲ ಸೇರಿ ಬಾಸ್ ಹೆಚ್ಚಿಸಿಕೊಡುತ್ತವೆ. ಬಯಲಿನಲ್ಲಿ ಅದು ಹಾಗೇ ಚೆದುರಿಹೋಗುತ್ತದೆ. ಮೊದಲು ಸ್ಪೀಕರ್‌ಗಳನ್ನು ಕಂಬದ ಮೇಲೆ ಹಾಕಿದ್ದೆ, ಹಾಡು ಟ್ರಾನ್ಸಿಸ್ಟರ್ ರೇಡಿಯೋ ಥರ ಕೇಳುತ್ತಿತ್ತು. ಗೋಡೆಯೂ ಸೂರೂ ಸೇರುವ ಕಡೆ ಸ್ವಲ್ಪ ಕೆಳಮುಖವಾಗಿ ಕೂರಿಸಿದ ಮೇಲೆ ಜೀವ ಬಂತು. ಮಳೆನೀರೂ ಒಳಗೆ ನಿಲ್ಲುವುದಿಲ್ಲ.

ವಯರ್ ಬಗ್ಗೆ ನಾನು ಜಿಪುಣತನ ಮಾಡಿದ್ದೆ. 16 ಗೇಜ್ ಮನೆಯಲ್ಲೇ ಇತ್ತು, 20 ಮೀಟರ್ ಎಳೆದೆ. ಹೋಗಿ ಬರುವ ಎರಡೂ ಎಳೆ ಲೆಕ್ಕ ಹಾಕಿದರೆ ಅರ್ಧ ಓಮ್‌ಗಿಂತ ಜಾಸ್ತಿ ರೆಸಿಸ್ಟೆನ್ಸ್. 8 ಓಮ್ ಸ್ಪೀಕರ್‌ಗೆ 0.4 ದಾಟಬಾರದು ಅನ್ನುವುದು ರೂಢಿ. ಆಮೇಲೆ 14 ಗೇಜ್ ಹಾಕಿದೆ, ಅದು ಸುಮಾರು 0.33ಕ್ಕೆ ಬರುತ್ತದೆ. ನಂಬರ್ ಇಳಿದಷ್ಟೂ ವಯರ್ ದಪ್ಪ, ಕೊಳ್ಳುವಾಗ ಇದು ಉಲ್ಟಾ ಆಗಿಬಿಡುತ್ತದೆ. ಕಿವಿಗೆ ವ್ಯತ್ಯಾಸ ತಿಳಿಯಿತಾ ಅಂದರೆ ಪ್ರಾಮಾಣಿಕವಾಗಿ ಇಲ್ಲ. ಆದರೆ ಹಳೆ ವಯರ್‌ನ ಸಿಪ್ಪೆ ಬಿಸಿಲಿಗೆ ಬಿರಿದು, ತುದಿಯ ತಾಮ್ರ ಹಸಿರುಗಟ್ಟಿತ್ತು. ಹೇಗೂ ಬದಲಾಯಿಸಲೇಬೇಕಿತ್ತು. ಹೊಸದು ಹೊರಾಂಗಣಕ್ಕೇ ಮಾಡಿದ್ದು.

4 ವರ್ಷದಲ್ಲಿ ಈ ರಿಸೀವರ್ ಒಂದು ಸಲವೂ ತಾನಾಗಿ ಆಫ್ ಆಗಿಲ್ಲ. ಮೇಲೆ ನಾಲ್ಕು ಬೆರಳು ಗಾಳಿಯಾಡಲು ಜಾಗ ಬಿಟ್ಟಿದ್ದೇನೆ, ಮೇಲೆ ಏನನ್ನೂ ಇಡಲು ಬಿಡುವುದಿಲ್ಲ. ಇದನ್ನು ರಿಸೀವರ್ ಅನ್ನುವುದೇ ಒಳಗೆ ರೇಡಿಯೋ ಟ್ಯೂನರ್ ಇರುವುದಕ್ಕೆ. ಆ ರೇಡಿಯೋ ಹಾಕಿದ್ದು ಹೆಚ್ಚೆಂದರೆ ಎರಡು ಸಲ.

ಬೇಜಾರಿನ ಸಂಗತಿ ಒಂದಿದೆ. ಆಪ್ಟಿಕಲ್ ಕೇಬಲ್‌ನಲ್ಲಿ ಡಿಜಿಟಲ್ ಆಗಿ ಬರುವ ಟಿವಿ ಶಬ್ದ ಝೋನ್ 2ಕ್ಕೆ ಹೋಗುವುದೇ ಇಲ್ಲ. ಅನಲಾಗ್ ಇನ್‌ಪುಟ್ ಮಾತ್ರ ಹೋಗುತ್ತದೆ. ಇಂಥ ಮಿತಿ ಇನ್ನೂ ಹಲವು ರಿಸೀವರ್‌ಗಳಲ್ಲಿ ಇದೆ. ಮ್ಯಾನುಯಲ್‌ನಲ್ಲಿ ಒಂದು ಸಾಲಿನಲ್ಲಿ ಬರೆದಿದ್ದರು, ನಾನು ಓದಿದ್ದು ಕ್ರಿಕೆಟ್ ಕಾಮೆಂಟರಿ ಹೊರಗೆ ಕೇಳಿಸದೆ ಎಲ್ಲರೂ ನನ್ನ ಮುಖ ನೋಡಿದಾಗ. ಕೊನೆಗೆ ಡಿಜಿಟಲ್‌ನಿಂದ ಅನಲಾಗ್ ಮಾಡುವ ಸಣ್ಣ ಡಬ್ಬಿಯೊಂದನ್ನು ಟಿವಿ ಹಿಂದೆ ಸಿಕ್ಕಿಸಿದೆ. ಈಗ ಕಾಮೆಂಟರಿ ಹಿತ್ತಲಿನಲ್ಲೂ ಕೇಳುತ್ತದೆ. ಆ ಡಬ್ಬಿಯ ನೀಲಿ ದೀಪ ಮಾತ್ರ ರಾತ್ರಿಯೆಲ್ಲ ಗೋಡೆಗೆ ಬಡಿಯುತ್ತದೆ, ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ದೇನೆ.