ನಿಮ್ಮ ದುಡಿಮೆ ಏನೆಂದು ಕೇಳದವರಿಂದ ವ್ಯಾಯಾಮದ ಚಾರ್ಟ್ ಕೊಳ್ಳಬೇಡಿ

ಕಳೆದ ವಾರ ನಮ್ಮೂರಿನ ಇಬ್ಬರು ಹುಡುಗರು ಮನೆಗೆ ಬಂದು ಮೊಬೈಲ್‌ನಲ್ಲಿ ಒಂದು ಚಾರ್ಟ್ ತೋರಿಸಿದರು. ಇಬ್ಬರೂ ಸೇನಾ ನೇಮಕಾತಿಗೆ ತಯಾರಾಗುತ್ತಿದ್ದಾರೆ. ಹನ್ನೆರಡು ವಾರ, ವಾರಕ್ಕೆ ಆರು ದಿನ, ಪ್ರತಿ ವಾರವೂ ಏರುವ ಶೇಕಡಾವಾರು ತೂಕ. ನೋಡಿದೊಡನೆ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ಇಂಥದ್ದೇ ಚಾರ್ಟ್ ಹಿಡಿದು ಹೊರಟ ನಾನು ನಾಲ್ಕು ತಿಂಗಳು ನೆಟ್ಟಗೆ ಕುಳಿತು ಊಟ ಮಾಡಲಾಗದೆ ನರಳಿದ್ದೇನೆ.

ಕೊಡಗಿನ ಗೋಣಿಕೊಪ್ಪಲಿನ ಹತ್ತಿರ ನನ್ನದೊಂದು ಸಣ್ಣ ರೊಬಸ್ಟಾ ಕಾಫಿ ತೋಟ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭವಾದಾಗ ನಾನಿನ್ನೂ ಶಾಲೆಯ ಹುಡುಗ. ಮನೆತನದ ತಂಡದಲ್ಲಿ ಆಡಬೇಕೆಂಬ ಆಸೆ ಅಂದಿನದು. ಎರಡು ವರ್ಷದ ಹಿಂದೆ, ಏಪ್ರಿಲ್‌ನ ಹಬ್ಬಕ್ಕೆ ಹೇಗಾದರೂ ಮೈ ಗಟ್ಟಿ ಮಾಡಿಕೊಳ್ಳಬೇಕೆಂದು ಜನವರಿ ನಡುವಿನಲ್ಲಿ ಪೇಟೆಯ ಜಿಮ್‌ಗೆ ಸೇರಿದೆ. ಅಲ್ಲಿನ ತರಬೇತುದಾರ ಒಬ್ಬರ ಆನ್‌ಲೈನ್ ಚಾರ್ಟ್ ಕೊಡಿಸಿದ. ₹4,500. ನನ್ನ ಎತ್ತರ, ತೂಕ, ವಯಸ್ಸು ಕೇಳಿದರು, ಎರಡು ಫೋಟೊ ತರಿಸಿಕೊಂಡರು. ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂದು ಮಾತ್ರ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಜನವರಿ ಎಂದರೆ ರೊಬಸ್ಟಾ ಕೊಯ್ಲಿನ ಕಾಲ ಎಂಬುದು ಕೊಡಗಿನವರಿಗೆ ಗೊತ್ತು. ಆಳುಗಳ ಕೊರತೆ ಇದ್ದುದರಿಂದ ಮೂಟೆ ಹೊರುವುದು, ಕಣದಲ್ಲಿ ಹಣ್ಣು ಹರಡುವುದು, ಗಾಡಿಗೆ ತುಂಬುವುದು ಎಲ್ಲಕ್ಕೂ ನಾನೇ ಕೈ ಹಾಕುತ್ತಿದ್ದೆ. ಅದು ಮುಗಿಯುತ್ತಿದ್ದಂತೆ ಹೂವಿಗೆ ನೀರು ಹಾಯಿಸುವ ಸಮಯ. ಸ್ಪ್ರಿಂಕ್ಲರ್ ಪೈಪುಗಳನ್ನು ಹೆಗಲ ಮೇಲೆ ಹೊತ್ತು ಇಳಿಜಾರಿನಲ್ಲಿ ಹತ್ತಿ ಇಳಿಯಬೇಕು. ಇದೆಲ್ಲವೂ ಬೆನ್ನಿಗೆ ಬೀಳುವ ಭಾರವೇ. ಚಾರ್ಟ್‌ನ ಲೆಕ್ಕದಲ್ಲಿ ಮಾತ್ರ ನಾನು ಹಗಲಿಡೀ ಕುರ್ಚಿಯಲ್ಲಿ ಕುಳಿತಿದ್ದವನು.

ಎರಡನೆಯ ತಪ್ಪು ಮೊದಲ ದಿನವೇ ಆಯಿತು. ಶೇಕಡಾವಾರು ಚಾರ್ಟ್ ನಡೆಯುವುದು ಒಮ್ಮೆ ಮಾತ್ರ ಎತ್ತಬಹುದಾದ ಗರಿಷ್ಠ ತೂಕದ ಮೇಲೆ. ಡೆಡ್‌ಲಿಫ್ಟ್ (ನೆಲದ ಮೇಲಿನ ತೂಕದ ರಾಡ್ ಹಿಡಿದು ನೆಟ್ಟಗೆ ನಿಲ್ಲುವ ವ್ಯಾಯಾಮ) ಎಂದರೇನೆಂದು ಸರಿಯಾಗಿ ಕಲಿಯುವ ಮೊದಲೇ ನನ್ನಿಂದ ಆ ಪರೀಕ್ಷೆ ಮಾಡಿಸಿದರು. ಬೆನ್ನು ಬಾಗಿಸಿ, ಹಲ್ಲು ಕಚ್ಚಿ 110 ಕೆ.ಜಿ. ಎತ್ತಿದೆ. ಮುಂದಿನ ವಾರಗಳ ತೂಕವೆಲ್ಲ ಆ ಕೆಟ್ಟ ಎತ್ತುವಿಕೆಯ ಲೆಕ್ಕದಿಂದಲೇ ಹುಟ್ಟಿತು. ಹೊಸಬರಿಗೆ ಗರಿಷ್ಠ ತೂಕದ ಪರೀಕ್ಷೆಯೇ ಬೇಕಿಲ್ಲ. ಖಾಲಿ ರಾಡ್‌ನಿಂದ ಶುರುಮಾಡಿ, ಭಂಗಿ ಕೆಡದಿದ್ದರೆ ಪ್ರತಿ ಸಲ ಎರಡೂವರೆ ಕೆ.ಜಿ. ಸೇರಿಸುತ್ತ ಹೋದರೂ ತಿಂಗಳುಗಟ್ಟಲೆ ಬಲ ಏರುತ್ತದೆ. ಇದು ನನಗೆ ಆಮೇಲೆ ತಿಳಿಯಿತು.

ಐದನೆಯ ವಾರದ ಆ ಸಂಜೆ ಚೆನ್ನಾಗಿ ನೆನಪಿದೆ. ಹಗಲು ನಾನೂ ತೋಟದ ಲೆಕ್ಕ ನೋಡುವ ರೈಟರೂ ಕೂಡಿ 50 ಕೆ.ಜಿ.ಯ 40 ಮೂಟೆ ತುಂಬಿದ್ದೆವು. ಚಾರ್ಟ್‌ನಲ್ಲಿ ಶೇ 85 ಎಂದಿತ್ತು. ರಾಡ್‌ಗೆ ತೂಕದ ಪ್ಲೇಟ್ ಹೊಂದಿಸಿದಾಗ 95 ಕೆ.ಜಿ. ಆಯಿತು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಏಕೆಂದರೆ ನಮ್ಮ ಕಡೆಯ ಎಷ್ಟೋ ಸಣ್ಣ ಜಿಮ್‌ಗಳಲ್ಲಿ ಇದೇ ಸ್ಥಿತಿ. ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಹಾಗಾಗಿ ರಾಡ್ ನೆಲದಿಂದ ಸುಮಾರು 22.5 ಸೆಂ.ಮೀ. ಎತ್ತರದಲ್ಲಿ, ಮೊಣಕಾಲ ಗಂಟಿನ ಕೆಳಗೆ ನಿಲ್ಲುತ್ತದೆ. ನಾವು ಹಾಕಿದ್ದು ಹತ್ತು ಕೆ.ಜಿ.ಯ ಚಿಕ್ಕ ಪ್ಲೇಟುಗಳನ್ನು. ರಾಡ್ ಬಹುತೇಕ ಕಣಕಾಲಿನ ಹತ್ತಿರಕ್ಕೆ ಇಳಿದಿತ್ತು. ಅಷ್ಟು ಕೆಳಗಿನಿಂದ ಹಿಡಿಯಲು ಹೋದರೆ ತೊಡೆಯ ಕೀಲಿನ ಬದಲು ಕೆಳಬೆನ್ನೇ ಬಾಗುತ್ತದೆ. ಮೂರನೆಯ ಸಲ ಎತ್ತುವಾಗ ಸೊಂಟದ ಎಡಭಾಗದಲ್ಲಿ ಹಸಿ ಕಡ್ಡಿ ಮುರಿದ ಹಾಗಾಯಿತು. ಎಡಗಾಲಿನ ಹಿಂಬದಿಯಲ್ಲಿ ಪಾದದವರೆಗೂ ಜುಮ್ಮೆಂದಿತು.

"ಅಣ್ಣಾ, ನೋವು ಬಂದರೆ ಕೆಲಸ ಆಗುತ್ತಿದೆ ಎಂದರ್ಥ, ಇನ್ನೊಂದು ಸೆಟ್ ಮುಗಿಸಿ" ಎಂದ ತರಬೇತುದಾರ. ನಾನು ಮುಗಿಸಿದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಲು ಅವ್ವ, ಹೆಂಡತಿ ಇಬ್ಬರೂ ಬೇಕಾದರು.

ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಸೊಂಟದ ಡಿಸ್ಕ್ ಉಬ್ಬಿ ನರಕ್ಕೆ ತಾಗಿರುವುದು ಕಂಡಿತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಫಿಸಿಯೊಥೆರಪಿಸ್ಟ್ ಮೊದಲು ಕೇಳಿದ ಪ್ರಶ್ನೆ, "ದಿನವಿಡೀ ಏನು ಕೆಲಸ ಮಾಡುತ್ತೀರಿ?" ನನಗೆ ಕಣ್ಣು ತುಂಬಿ ಬಂತು. ಏಪ್ರಿಲ್‌ನಲ್ಲಿ ತಂಡ ಮೈದಾನಕ್ಕೆ ಇಳಿದಾಗ ನಾನು ಮನೆಯಲ್ಲಿ ಮಗ್ಗುಲಾಗಿ ಮಲಗಿದ್ದೆ. ಚಾರ್ಟ್ ಮಾರಿದವರು ಹಣ ಮರಳಿಸಲಿಲ್ಲ, ಸಂದೇಶಕ್ಕೆ ಉತ್ತರವನ್ನೂ ಕೊಡಲಿಲ್ಲ.

ಬಲ ಬೆಳೆಸುವ ವ್ಯಾಯಾಮ ಬೇಡವೆಂದು ನಾನು ಹೇಳುತ್ತಿಲ್ಲ. ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾನು ಈಗಲೂ ಮಾಡುತ್ತೇನೆ. ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ, ಕೊಯ್ಲು ಶುರುವಾದರೆ ಒಂದೇ ದಿನ, ಅದೂ ಹಗುರವಾಗಿ. ಮೂಟೆ ಹೊತ್ತ ದಿನ ರಾಡ್ ಮುಟ್ಟುವುದಿಲ್ಲ. ಪ್ಲೇಟ್ ಚಿಕ್ಕದಾದರೆ ಎರಡೂ ಬದಿಗೆ ಹಲಗೆ ಇಟ್ಟು ರಾಡ್ ಅನ್ನು ಎತ್ತರಿಸಿಕೊಳ್ಳುತ್ತೇನೆ. ಕಾಲಿಗೆ ಜುಮ್ಮು ಹಿಡಿಯುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ತೊಡೆಸಂದು ಮರಗಟ್ಟಿದರೆ ಅಥವಾ ಮೂತ್ರದ ಮೇಲೆ ಹಿಡಿತ ತಪ್ಪಿದರೆ ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಆ ಇಬ್ಬರು ಹುಡುಗರು ವಾರದಲ್ಲಿ ಕೆಲವು ದಿನ ಬೆಳಿಗ್ಗೆ ನೇಮಕಾತಿಯ 1.6 ಕಿ.ಮೀ. ಓಟಕ್ಕೆ ಅಭ್ಯಾಸ ಮಾಡುತ್ತಾರೆ, ರಜೆ ದಿನ ತೋಟದ ಕೆಲಸಕ್ಕೂ ಹೋಗುತ್ತಾರೆ. ಅವರ ಚಾರ್ಟ್‌ನಲ್ಲಿ ಈ ಎರಡರ ಸುಳಿವೂ ಇಲ್ಲ. ಹಣ ಆಗಲೇ ಕಟ್ಟಿದ್ದಾರಂತೆ. ಭಾನುವಾರ ಇಬ್ಬರನ್ನೂ ಮನೆಗೆ ಕರೆದಿದ್ದೇನೆ. ಅವರು ಓಡುವ ದಿನಗಳನ್ನು ಮೊದಲು ಬರೆದುಕೊಂಡು, ಉಳಿದ ದಿನಗಳಲ್ಲಿ ಎರಡನ್ನು ಮಾತ್ರ ಆರಿಸೋಣ ಎಂದಿದ್ದೇನೆ.