ಖುಕುರಿಗೆ ಯಾವ ಹಿಡಿ? ಬಾಲದ ಹಿಡಿಯೋ, ರಿವೆಟ್ ಹಿಡಿಯೋ

ನೇಪಾಳದ ಬಾಗಿದ ಕತ್ತಿಯಾದ ಖುಕುರಿ ಆರಿಸುವಾಗ ಎಲ್ಲರೂ ಅಲಗನ್ನೇ ನೋಡುತ್ತಾರೆ. ನಾನು ಮೊದಲು ಹಿಡಿ ನೋಡಿ ಅಂತೀನಿ.

ಹಳೆಯ ಬಗೆಯಲ್ಲಿ ಅಲಗಿನ ಬುಡ ಬಾಲದ ಹಾಗೆ ಸಣ್ಣಗಾಗಿ ಹಿಡಿಯ ತೂತಿನೊಳಗೆ ಹೋಗುತ್ತದೆ. ಅಂಟಿಸುವುದು 'ಲಾಹಾ' ಎಂಬ ಮೇಣದಂಥ ಅಂಟಿನಿಂದ. ಇದು ಹಗುರ, ಬೀಸಿದರೆ ತೂಕ ಅಲಗಿನ ಕಡೆ ಇರುತ್ತದೆ. ಬಿಸಿಗೆ ಲಾಹಾ ಮೆತ್ತಗಾಗುತ್ತದೆ, ಹಿಡಿ ಸಡಿಲವಾಗಬಹುದು. ಆದರೆ ಅದೇ ಗುಣದಿಂದ ಮತ್ತೆ ಕಾಯಿಸಿ ಕೂರಿಸಲೂ ಆಗುತ್ತದೆ.

ಇನ್ನೊಂದು 'ಪನಾವಲ್'. ಉಕ್ಕು ಹಿಡಿಯ ತುದಿಯವರೆಗೂ ಇರುತ್ತದೆ, ಎರಡು ಬದಿಗೂ ಪಟ್ಟಿ ಇಟ್ಟು ರಿವೆಟ್ ಹೊಡೆಯುತ್ತಾರೆ. ತೂಕ ಜಾಸ್ತಿ, ಗಟ್ಟಿಯೂ ಹೌದು. ಸೌದೆ ಸೀಳುವವರಿಗೆ ಇದೇ ಸರಿ.

ಕೈಗೆ ತಕ್ಕಂತೆ ಬದಲಿಸುವಾಗ ನಿಜವಾದ ವ್ಯತ್ಯಾಸ ಗೊತ್ತಾಗುತ್ತದೆ. ಬಾಲದ ಹಿಡಿಯನ್ನು ಸುತ್ತಲೂ ಉಜ್ಜಿ ತೆಳ್ಳಗೆ ಮಾಡಬಹುದು. ಪನಾವಲ್‌ನಲ್ಲಿ ದಪ್ಪ ಇಳಿಸಬಹುದು, ಅಗಲ ಇಳಿಸಲು ಉಕ್ಕನ್ನೇ ಅರೆಯಬೇಕು. ಹಿಡಿಯ ನಡುವಿನ ಉಬ್ಬು ಬಳೆ ದೊಡ್ಡ ಕೈಯವರಿಗೆ ಒತ್ತುತ್ತದೆ, ಅಲ್ವಾ? ಅದನ್ನು ಮರಳು ಕಾಗದದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ, ನಡುನಡುವೆ ಹಿಡಿದು ನೋಡಿ. ಹಿಂತುದಿಯ ಅಗಲವನ್ನು ಮಾತ್ರ ಮುಟ್ಟಬೇಡಿ. ಬೀಸುವಾಗ ಕೈ ಜಾರದಂತೆ ತಡೆಯುವುದು ಅದೇ.

ಮರವೋ ಕೊಂಬೋ? ಎಮ್ಮೆ ಕೊಂಬು ನೋಡಲು ಚೆಂದ, ಒಣ ಹವೆಗೆ ಬಿರುಕು ಬಿಡುತ್ತದೆ, ಒದ್ದೆಯಾದರೆ ಜಾರುತ್ತದೆ. ಕೆಲಸಕ್ಕೆ ನನ್ನ ಆಯ್ಕೆ ಸಿಸೌ ಮರ, ನಮ್ಮ ಬೀಟೆಯ ಹತ್ತಿರದ ನೆಂಟ. ಉಜ್ಜಿದ ಮೇಲೆ ಅಗಸೆ ಎಣ್ಣೆ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಡಬೇಡಿ, ತಾನೇ ಬೆಂಕಿ ಹತ್ತಬಹುದು, ಹರಡಿ ಒಣಗಿಸಿ.